ಡಾ. ಮಾರ್ಟಿನ್ ಲೂಥರ್ ಕಿಂಗ್ ಮತ್ತು ಜಮೈಕಾ ದ್ವೀಪ

ಮಹಾಪುರುಷರ ಜೀವನವನ್ನು ಓದುವಾಗ ಅವರು ನಡೆಸಿದ ಹೋರಾಟಗಳೂ ಗಳಿಸಿದ ಜಯಗಳೂ ನಮ್ಮ ಕಣ್ಣಿಗೆ ಮೊದಲು ಬೀಳುತ್ತವೆ. ಆ ಹೋರಾಟಕ್ಕೆ ಬೇಕಾದ ಧೃತಿಯನ್ನು ಅವರು ಎಲ್ಲಿಂದ ಪಡೆದರು, ದಣಿದಾಗ ಎಲ್ಲಿ ವಿಶ್ರಮಿಸಿದರು, ಯಾವ ಏಕಾಂತದಲ್ಲಿ ಕುಳಿತು ತಮ್ಮ ಮುಂದಿನ ದಾರಿಯನ್ನು ನಿಶ್ಚಯಿಸಿದರು ಎಂಬುದರ ಕಡೆಗೆ ನಮ್ಮ ಗಮನ ಹರಿಯುವುದು ಕಡಿಮೆ. ಅಮೆರಿಕದ ಕಪ್ಪು ಜನರ ಪೌರಹಕ್ಕುಗಳಿಗಾಗಿ ಹೋರಾಡಿ ಪ್ರಾಣವನ್ನೇ ತೆತ್ತ ಡಾ. ಮಾರ್ಟಿನ್ ಲೂಥರ್ ಕಿಂಗ್ ಅವರ ಬಾಳಿನಲ್ಲಿ ಅಂತಹ ಏಕಾಂತವನ್ನು ಒದಗಿಸಿದ ಸ್ಥಳಗಳಲ್ಲಿ ಕೆರಿಬಿಯನ್ ಸಮುದ್ರದ ಜಮೈಕಾ ದ್ವೀಪವೂ ಒಂದು. ಆ ಪುಟ್ಟ ದ್ವೀಪದ ಜನರಿಗೂ ಅವರಿಗೂ ಇದ್ದ ನಂಟನ್ನು ತಿಳಿಯುವುದರಿಂದ ಅವರ ವ್ಯಕ್ತಿತ್ವದ ಒಂದು ಆಳವಾದ ಮುಖವು ನಮಗೆ ಪರಿಚಯವಾಗುತ್ತದೆ.

ಕಿಂಗ್ ಅವರು ಜನಿಸಿದ್ದು 1929ನೆಯ ಇಸವಿ ಜನವರಿ 15ರಂದು, ಜಾರ್ಜಿಯಾ ರಾಜ್ಯದ ಅಟ್ಲಾಂಟಾ ನಗರದಲ್ಲಿ. ತಂದೆ ಅಲ್ಲಿಯ ಎಬೆನೆಜರ್ ಬಾಪ್ಟಿಸ್ಟ್ ಚರ್ಚಿನ ಪಾದ್ರಿಗಳು. ತಾಯಿ ಆಲ್ಬರ್ಟಾ ಅವರ ತಂದೆಯೂ ಅದೇ ಚರ್ಚಿನಲ್ಲಿ ಪಾದ್ರಿಗಳಾಗಿದ್ದವರು. ಸುಸಂಸ್ಕೃತವಾದ ಮನೆತನ, ಊಟ ಬಟ್ಟೆಗೆ ಕೊರತೆಯಿಲ್ಲದ ಬದುಕು. ಆದರೆ ಮನೆಯ ಹೊಸಿಲು ದಾಟಿದೊಡನೆ ಎಲ್ಲೆಲ್ಲೂ ವರ್ಣಭೇದದ ಗೋಡೆಗಳು. ಶಾಲೆ, ಉಪಾಹಾರ ಗೃಹ, ಕುಡಿಯುವ ನೀರಿನ ನಲ್ಲಿ, ಬಸ್ಸಿನ ಆಸನ, ಎಲ್ಲವೂ ಬಿಳಿಯರಿಗೆ ಬೇರೆ, ಕರಿಯರಿಗೆ ಬೇರೆ. ಬಾಲಕನು ಆರು ವರ್ಷದವನಾಗಿದ್ದಾಗ ನೆರೆಯ ಬಿಳಿಯ ಗೆಳೆಯನು ತನ್ನೊಡನೆ ಆಡಲು ಬರುವುದನ್ನು ನಿಲ್ಲಿಸಿದನು. ಅವನ ತಂದೆ ತಾಯಿಗಳು ತಡೆದಿದ್ದರು. ಪ್ರೌಢಶಾಲೆಯಲ್ಲಿದ್ದಾಗ, 1944ರಲ್ಲಿ, ಭಾಷಣ ಸ್ಪರ್ಧೆಯಲ್ಲಿ ಭಾಗವಹಿಸಿ ಗುರುಗಳೊಂದಿಗೆ ಬಸ್ಸಿನಲ್ಲಿ ಹಿಂದಿರುಗುತ್ತಿದ್ದಾಗ, ಬಿಳಿಯ ಪ್ರಯಾಣಿಕರಿಗೆ ಆಸನವನ್ನು ಬಿಟ್ಟುಕೊಡುವಂತೆ ಚಾಲಕನು ಗದರಿಸಿದನು. ಸುಮಾರು 90 ಮೈಲಿಗಳ ದಾರಿಯನ್ನು ಆ ವಿದ್ಯಾರ್ಥಿಯು ನಿಂತೇ ಕಳೆಯಬೇಕಾಯಿತು. ಸಮಾನತೆಯನ್ನು ಕುರಿತು ಮಾತನಾಡಿ ಬಂದ ಬಾಲಕನಿಗೆ ಅದೇ ದಿನ ದೊರೆತ ಬಹುಮಾನ ಅದು.

ಇಂತಹ ಅಟ್ಲಾಂಟಾ ಇರುವ ಜಾರ್ಜಿಯಾ ರಾಜ್ಯಕ್ಕೂ ದೂರದ ಜಮೈಕಾ ದ್ವೀಪಕ್ಕೂ ಕಿಂಗ್ ಅವರು ಹುಟ್ಟುವುದಕ್ಕೆ ನೂರೈವತ್ತು ವರ್ಷಗಳಷ್ಟು ಹಿಂದೆಯೇ ಒಂದು ಸಂಬಂಧ ಬೆಳೆದಿತ್ತು. ಗುಲಾಮನಾಗಿ ಹುಟ್ಟಿ ಬಿಡುಗಡೆ ಪಡೆದ ಜಾರ್ಜ್ ಲೈಲ್ ಎಂಬ ಕರಿಯ ಉಪದೇಶಕನು ಜಾರ್ಜಿಯಾದ ಸವಾನಾ ಪಟ್ಟಣದಲ್ಲಿ ಬಾಪ್ಟಿಸ್ಟ್ ಸಭೆಯನ್ನು ಕಟ್ಟಿ, 1783ರಲ್ಲಿ ಜಮೈಕಾವನ್ನು ಸೇರಿದನು. ಅಲ್ಲಿ ಕಬ್ಬಿನ ತೋಟಗಳ ಗುಲಾಮರ ನಡುವೆ ಅವನು ಬಿತ್ತಿದ ಬೀಜವೇ ಮುಂದೆ ಆ ದ್ವೀಪದ ಬಾಪ್ಟಿಸ್ಟ್ ಪಂಥವಾಗಿ ಬೆಳೆಯಿತು. ಅದೇ ಪಂಥದ ಸಭೆಯೊಂದರಲ್ಲಿ ಹಿರಿಯನಾಗಿದ್ದ ಸ್ಯಾಮ್ ಶಾರ್ಪ್ ಎಂಬ ಅಕ್ಷರಸ್ಥ ಗುಲಾಮನು 1831ರ ಕ್ರಿಸ್‌ಮಸ್ ಸಮಯದಲ್ಲಿ, ಕೂಲಿ ಕೊಡದಿದ್ದರೆ ಕೆಲಸ ಮಾಡಬಾರದೆಂದು ತನ್ನವರನ್ನು ಸಂಘಟಿಸಿದನು. ಶಾಂತಿಯುತ ಮುಷ್ಕರವಾಗಬೇಕೆಂದಿದ್ದ ಆ ಚಳವಳಿಯು ಬಂಡಾಯವಾಗಿ ಹೊತ್ತಿಕೊಂಡಿತು. ಅದನ್ನು ಅಡಗಿಸಿದ ಸರ್ಕಾರವು 300ಕ್ಕೂ ಹೆಚ್ಚು ಜನರಿಗೆ ಮರಣದಂಡನೆ ವಿಧಿಸಿತು. ಶಾರ್ಪ್‌ನನ್ನೂ 1832ರ ಮೇ ತಿಂಗಳಲ್ಲಿ ಗಲ್ಲಿಗೇರಿಸಲಾಯಿತು. ಆದರೆ ಆ ಬಲಿದಾನವು ವ್ಯರ್ಥವಾಗಲಿಲ್ಲ. ಮರುವರ್ಷವೇ ಬ್ರಿಟಿಷ್ ಪಾರ್ಲಿಮೆಂಟು ಗುಲಾಮಗಿರಿಯ ನಿರ್ಮೂಲನ ಶಾಸನವನ್ನು ಅಂಗೀಕರಿಸಿತು. 1838ರ ವೇಳೆಗೆ ಜಮೈಕಾದ ಗುಲಾಮರು ಪೂರ್ಣವಾಗಿ ಸ್ವತಂತ್ರರಾದರು. ಅಮೆರಿಕದ ಗುಲಾಮರು ಆ ದಿನವನ್ನು ಕಾಣಲು 1865ರವರೆಗೆ ಕಾಯಬೇಕಾಯಿತು.

ಇನ್ನೊಂದು ಎಳೆಯೂ ಈ ನಂಟಿನಲ್ಲಿ ಸೇರಿದೆ. ಜಮೈಕಾದಲ್ಲಿ 1887ರಲ್ಲಿ ಹುಟ್ಟಿದ ಮಾರ್ಕಸ್ ಗಾರ್ವಿ ಎಂಬ ಮುಂದಾಳು ಅಮೆರಿಕಕ್ಕೆ ಬಂದು, ಕಪ್ಪು ಬಣ್ಣವು ಲಜ್ಜೆಯ ಕುರುಹಲ್ಲ, ಅಭಿಮಾನದ ಕುರುಹು ಎಂದು ಸಾರಿ ಲಕ್ಷಾಂತರ ಜನರನ್ನು ಎಚ್ಚರಿಸಿದನು. ಸರ್ಕಾರವು ಅವನ ಮೇಲೆ ವಂಚನೆಯ ಮೊಕದ್ದಮೆ ಹೂಡಿ, 1925ರಿಂದ 1927ರವರೆಗೆ ಸೆರೆಯಲ್ಲಿಟ್ಟು, ಬಳಿಕ ಗಡೀಪಾರು ಮಾಡಿತು. ಅವನು ಸೆರೆವಾಸ ಅನುಭವಿಸಿದ್ದು ಅಟ್ಲಾಂಟಾ ನಗರದ ಕಾರಾಗೃಹದಲ್ಲಿಯೇ. ಅವನು ಆ ಊರನ್ನು ಬಿಟ್ಟ ಸ್ವಲ್ಪ ಕಾಲದಲ್ಲೇ ಅಲ್ಲಿ ಕಿಂಗ್ ಅವರ ಜನನವಾಯಿತು.

ಕಿಂಗ್ ಅವರು ಹದಿನೈದನೆಯ ವಯಸ್ಸಿಗೇ ಮೋರ್‌ಹೌಸ್ ಕಾಲೇಜನ್ನು ಸೇರಿ, 1948ರಲ್ಲಿ ಪದವೀಧರರಾದರು. ಆಮೇಲೆ ಧರ್ಮಶಾಸ್ತ್ರವನ್ನು ಅಭ್ಯಸಿಸಿ, 1955ರಲ್ಲಿ ಬಾಸ್ಟನ್ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದರು. ಈ ನಡುವೆ 1953ರಲ್ಲಿ ಕೊರೆಟಾ ಸ್ಕಾಟ್ ಅವರನ್ನು ವಿವಾಹವಾದರು. ಮುಂದಿನ ವರ್ಷ ಅಲಬಾಮಾ ರಾಜ್ಯದ ಮಾಂಟ್ಗೊಮರಿ ನಗರದಲ್ಲಿ ಪಾದ್ರಿಗಳಾಗಿ ನೆಲೆಸಿದರು. ಅಲ್ಲಿ 1955ರ ಡಿಸೆಂಬರ್ 1ರಂದು ರೋಸಾ ಪಾರ್ಕ್ಸ್ ಎಂಬ ಮಹಿಳೆ ಬಸ್ಸಿನಲ್ಲಿ ತಮ್ಮ ಆಸನವನ್ನು ಬಿಳಿಯನಿಗೆ ಬಿಟ್ಟುಕೊಡಲು ನಿರಾಕರಿಸಿ ಬಂಧನಕ್ಕೊಳಗಾದಾಗ ಕರಿಯರೆಲ್ಲರೂ ಬಸ್ಸುಗಳನ್ನು ಬಹಿಷ್ಕರಿಸಿದರು. 26 ವರ್ಷದ ಕಿಂಗ್ ಅವರು ಅದರ ನೇತೃತ್ವ ವಹಿಸಿದರು. 381 ದಿನಗಳ ಕಾಲ ಜನರು ಬಿಸಿಲು ಮಳೆಯೆನ್ನದೆ ಕಾಲ್ನಡಿಗೆಯಲ್ಲಿ ಓಡಾಡಿದರು. ಮನೆಯ ಮೇಲೆ ಬಾಂಬು ಬಿದ್ದರೂ ಕಿಂಗ್ ಅವರು ತಮ್ಮ ಜನರನ್ನು ಹಿಂಸೆಗಿಳಿಯಗೊಡಲಿಲ್ಲ. ಕೊನೆಗೆ ಸುಪ್ರೀಂ ಕೋರ್ಟಿನ ತೀರ್ಪು ಅವರ ಪರವಾಯಿತು.

ಈ ಅಹಿಂಸಾಮಾರ್ಗದ ಗುರು ಗಾಂಧೀಜಿಯವರೆಂಬುದನ್ನು ಕಿಂಗ್ ಅವರು ಎಂದೂ ಮರೆಮಾಡಲಿಲ್ಲ. 1959ರ ಫೆಬ್ರವರಿಯಲ್ಲಿ ಅವರು ಪತ್ನೀಸಮೇತರಾಗಿ ಭಾರತಕ್ಕೆ ಬಂದು ಒಂದು ತಿಂಗಳ ಕಾಲ ಯಾತ್ರಿಕರಂತೆ ಸಂಚರಿಸಿದರು. ನಮ್ಮ ಬೆಂಗಳೂರಿಗೂ ಬಂದುಹೋದರು. ಅದೇ ಪ್ರವಾಸದಲ್ಲಿ ತಿರುವನಂತಪುರದ ಒಂದು ಶಾಲೆಗೆ ಹೋಗಿದ್ದರು. ಅಲ್ಲಿಯ ಮಕ್ಕಳಲ್ಲಿ ಹೆಚ್ಚಿನವರು ಅಸ್ಪೃಶ್ಯರೆನಿಸಿಕೊಂಡಿದ್ದ ಮನೆತನಗಳವರು. ಮುಖ್ಯೋಪಾಧ್ಯಾಯರು ಅತಿಥಿಯನ್ನು ಮಕ್ಕಳಿಗೆ ಪರಿಚಯಿಸುತ್ತ, ಇವರೂ ನಮ್ಮಂತೆಯೇ ಅಮೆರಿಕದ ಅಸ್ಪೃಶ್ಯರೊಬ್ಬರು ಎಂದರು. ಕಿಂಗ್ ಅವರಿಗೆ ಒಂದು ಕ್ಷಣ ಮನಸ್ಸು ನೊಂದಿತು. ಆದರೆ ಮರುಕ್ಷಣವೇ ತಮ್ಮ ದೇಶದ ಎರಡು ಕೋಟಿ ಕರಿಯರ ಬಾಳನ್ನು ನೆನೆದು, ಆ ಮಾತು ನಿಜವೆಂದು ಒಪ್ಪಿಕೊಂಡರು. ಈ ಘಟನೆಯನ್ನು ಅವರು ಬಹು ವರ್ಷ ಮನಸ್ಸಿನಲ್ಲೇ ಇಟ್ಟುಕೊಂಡಿದ್ದರು. ಅದು ಯಾವಾಗ ಹೊರಬಂದಿತೆಂಬುದನ್ನು ಮುಂದೆ ಕಾಣುವೆವು.

ಮಾಂಟ್ಗೊಮರಿಯ ದಿನಗಳಲ್ಲೇ ಕಿಂಗ್ ಅವರಿಗೆ ಹ್ಯಾರಿ ಬೆಲಾಫೊಂಟೆ ಎಂಬ ಪ್ರಖ್ಯಾತ ಗಾಯಕರ ಸ್ನೇಹ ಲಭಿಸಿತು. ಬೆಲಾಫೊಂಟೆಯವರ ತಾಯಿ ಜಮೈಕಾದವರು. ಗಾಯಕರ ಬಾಲ್ಯದ ಹಲವು ವರ್ಷಗಳು ಅಲ್ಲಿಯೇ ಕಳೆದಿದ್ದವು. ಆ ದ್ವೀಪದ ಕೂಲಿಕಾರರ ಹಾಡುಗಳನ್ನು ಹಾಡಿ ಅವರು ಕೀರ್ತಿಯನ್ನೂ ಹಣವನ್ನೂ ಗಳಿಸಿದ್ದರು. ಆ ಹಣವನ್ನು ಚಳವಳಿಗೆ ಧಾರಾಳವಾಗಿ ಸುರಿದರು. 1963ರಲ್ಲಿ ಬರ್ಮಿಂಗ್‌ಹ್ಯಾಮ್ ನಗರದ ಸತ್ಯಾಗ್ರಹದಲ್ಲಿ ಬಂಧಿತರಾದವರನ್ನು ಜಾಮೀನಿನ ಮೇಲೆ ಬಿಡಿಸಲು ಹಣ ಕೂಡಿಸಿದವರಲ್ಲಿ ಅವರು ಪ್ರಮುಖರು. ಕಿಂಗ್ ಅವರ ಸಂಸಾರದ ಕಷ್ಟಸುಖಗಳಿಗೂ ಅವರೇ ಒದಗುತ್ತಿದ್ದರು. ನ್ಯೂಯಾರ್ಕಿನ ಅವರ ಮನೆ ಚಳವಳಿಯ ಮುಖಂಡರ ಆಲೋಚನಾ ಮಂದಿರವಾಗಿತ್ತು.

ಅದೇ 1963ರ ಆಗಸ್ಟ್ 28ರಂದು ರಾಜಧಾನಿ ವಾಷಿಂಗ್ಟನ್ನಿನಲ್ಲಿ ಸುಮಾರು ಎರಡೂವರೆ ಲಕ್ಷ ಜನರ ಮುಂದೆ ಕಿಂಗ್ ಅವರು ತಮ್ಮ ಕನಸನ್ನು ಬಿಚ್ಚಿಟ್ಟರು. 1964ರ ಜುಲೈ 2ರಂದು ಪೌರಹಕ್ಕುಗಳ ಕಾಯಿದೆ ಜಾರಿಗೆ ಬಂದಿತು. ಅದೇ ವರ್ಷದ ನೊಬೆಲ್ ಶಾಂತಿ ಪಾರಿತೋಷಕವೂ ಅವರಿಗೆ ಘೋಷಿತವಾಯಿತು. ಆಗ ಅವರಿಗೆ ಕೇವಲ 35 ವರ್ಷ. ಪಾರಿತೋಷಕದ ಸಂದರ್ಭದ ಭಾಷಣವನ್ನು ಸಿದ್ಧಪಡಿಸಲು ಅವರು ನವೆಂಬರ್ ತಿಂಗಳಲ್ಲಿ ಬಹಾಮಾ ದ್ವೀಪಸ್ತೋಮದ ಬಿಮಿನಿ ಎಂಬ ಚಿಕ್ಕ ದ್ವೀಪಕ್ಕೆ ತೆರಳಿದರು. ಅಮೆರಿಕದ ಕರಾವಳಿಯಿಂದ ಸುಮಾರು 50 ಮೈಲಿ ದೂರದ ಈ ದ್ವೀಪದ ಹಿನ್ನೀರುಗಳಲ್ಲಿ ಕಾಂಡ್ಲಾ ಮರಗಳು ಒತ್ತಾಗಿ ಬೆಳೆದಿವೆ. ಸ್ಥಳೀಯ ದೋಣಿಕಾರನೊಬ್ಬನು ಅವರನ್ನು ಆ ನಿಶ್ಶಬ್ದದ ನಡುವೆ ಕರೆದೊಯ್ಯುತ್ತಿದ್ದನು. ಅಲ್ಲಿಯೂ ಅವರನ್ನು ನೆಮ್ಮದಿಯಾಗಿ ಇರಗೊಡಲಿಲ್ಲ. ಎಫ್.ಬಿ.ಐ. ಎಂಬ ತನಿಖಾ ಇಲಾಖೆಯ ಮುಖ್ಯಸ್ಥ ಎಡ್ಗರ್ ಹೂವರ್ ಅವರು ನವೆಂಬರ್ 18ರಂದು ಪತ್ರಕರ್ತೆಯರ ಮುಂದೆ ಕಿಂಗ್ ಅವರನ್ನು ದೇಶದ ಕುಖ್ಯಾತ ಸುಳ್ಳುಗಾರನೆಂದು ಹಳಿದರು. ವರದಿಗಾರರು ದ್ವೀಪಕ್ಕೆ ಧಾವಿಸಿದರು. ಕಿಂಗ್ ಅವರು ಬಿರುಸಾದ ಮಾತಿಗೆ ಬಿರುಸಿನ ಉತ್ತರ ಕೊಡದೆ, ಅಧಿಕಾರದ ಭಾರದಿಂದ ಆ ಹಿರಿಯರು ಬಳಲಿರಬೇಕೆಂಬ ಅರ್ಥದ ಸೌಮ್ಯವಾದ ಹೇಳಿಕೆಯನ್ನಷ್ಟೇ ಕೊಟ್ಟು ತಮ್ಮ ಬರವಣಿಗೆಗೆ ಹಿಂದಿರುಗಿದರು. ಪಾರಿತೋಷಕದ 54,000ಕ್ಕೂ ಹೆಚ್ಚಿನ ಡಾಲರುಗಳನ್ನು ಸಂಪೂರ್ಣವಾಗಿ ಚಳವಳಿಗೆ ಅರ್ಪಿಸಿದರು.

1965ರ ಮಾರ್ಚ್ ತಿಂಗಳಲ್ಲಿ ಸೆಲ್ಮಾದಿಂದ ಮಾಂಟ್ಗೊಮರಿಗೆ ನಡೆದ ಮಹಾಪಾದಯಾತ್ರೆಯು ಮತದಾನದ ಹಕ್ಕಿನ ಪ್ರಶ್ನೆಯನ್ನು ಇಡೀ ದೇಶದ ಮುಂದಿಟ್ಟಿತು. ಆ ಬಳಲಿಕೆ ಇನ್ನೂ ಆರಿರದ ಜೂನ್ ತಿಂಗಳಲ್ಲಿ ಕಿಂಗ್ ದಂಪತಿಗಳು ಜಮೈಕಾಕ್ಕೆ ಬಂದರು. ಆ ದ್ವೀಪವು 1962ರ ಆಗಸ್ಟ್ 6ರಂದು ಬ್ರಿಟಿಷರ ಆಳ್ವಿಕೆಯಿಂದ ಬಿಡುಗಡೆ ಪಡೆದು ಇನ್ನೂ ಮೂರು ವರ್ಷ ತುಂಬಿರಲಿಲ್ಲ. ಮೋನಾ ಎಂಬಲ್ಲಿರುವ ವೆಸ್ಟ್ ಇಂಡೀಸ್ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮುಗಿಸಿ ಹೊರಡುವ ವಿದ್ಯಾರ್ಥಿಗಳಿಗೆ ಕಿಂಗ್ ಅವರು ಉಪದೇಶ ನೀಡಿದರು. ಕಿಂಗ್‌ಸ್ಟನ್ ನಗರವು ಅವರಿಗೆ ನಗರದ ಕೀಲಿಕೈಯನ್ನು ಅರ್ಪಿಸಿ ಗೌರವಿಸಿತು. ತಮ್ಮ ದೇಶದ ಊರೂರುಗಳಲ್ಲಿ ಪೊಲೀಸರ ದೊಣ್ಣೆಗಳನ್ನೂ ಸೆರೆಮನೆಯ ಬಾಗಿಲುಗಳನ್ನೂ ಕಂಡ ಮನುಷ್ಯನಿಗೆ ಇಲ್ಲಿ ಊರೇ ಬಾಗಿಲು ತೆರೆದಿತ್ತು. ಈ ನೆಲದಲ್ಲಿ ತಮಗೆ ತಾವೊಬ್ಬ ಮನುಷ್ಯರೆಂಬ ಭಾವ ಮೂಡುತ್ತದೆಂದು ಅವರು ಹೇಳಿಕೊಂಡರು. ವಿಶ್ವವಿಖ್ಯಾತರಾದ ನೊಬೆಲ್ ಪುರಸ್ಕೃತರೊಬ್ಬರು ಹೀಗೆ ಹೇಳಬೇಕಾಯಿತೆಂದರೆ, ಸ್ವದೇಶದಲ್ಲಿ ಅವರು ಉಂಡ ನೋವು ಎಷ್ಟಿರಬೇಕು!

ಗಾರ್ವಿಯು 1940ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡಿದ್ದನು. ಅವನ ಅವಶೇಷಗಳನ್ನು 1964ರಲ್ಲಿ ಸ್ವದೇಶಕ್ಕೆ ತಂದು, ಕಿಂಗ್‌ಸ್ಟನ್ನಿನ ಉದ್ಯಾನದಲ್ಲಿ ಸಮಾಧಿ ಮಾಡಲಾಗಿತ್ತು. ಕಿಂಗ್ ಅವರು ಅಲ್ಲಿಗೆ ಹೋಗಿ ಪುಷ್ಪಗುಚ್ಛವಿಟ್ಟು ನಮಿಸಿದರು. ಇದು ಸಾಮಾನ್ಯವಾದ ಶಿಷ್ಟಾಚಾರವಾಗಿರಲಿಲ್ಲ. ಇಬ್ಬರ ದಾರಿಗಳೂ ಬೇರೆ ಬೇರೆ. ಕರಿಯರು ತಮ್ಮದೇ ಬಲದಿಂದ ಪ್ರತ್ಯೇಕವಾಗಿ ನಿಲ್ಲಬೇಕು, ಅವರ ದೃಷ್ಟಿ ಆಫ್ರಿಕದ ಕಡೆಗಿರಬೇಕು ಎಂಬುದು ಗಾರ್ವಿಯ ನಿಲುವು. ಬಿಳಿಯರೂ ಕರಿಯರೂ ಒಂದೇ ಪಂಕ್ತಿಯಲ್ಲಿ ಕುಳಿತುಣ್ಣುವ ಅಮೆರಿಕವೇ ಕಿಂಗ್ ಅವರ ಗುರಿ. ಆದರೂ ಕೋಟ್ಯಂತರ ಕರಿಯರಿಗೆ ತಾವೂ ಗಣ್ಯರೆಂಬ ಭಾವನೆಯನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ಕೊಟ್ಟವನು ಗಾರ್ವಿಯೇ ಎಂದು ಅವರು ಮನಸಾರೆ ಕೊಂಡಾಡಿದರು. ಮಾರ್ಗಭೇದವಿದ್ದರೂ ಹಿರಿಯರ ಋಣವನ್ನು ನೆನೆಯುವುದು ದೊಡ್ಡವರ ಲಕ್ಷಣ.

ಅಟ್ಲಾಂಟಾಕ್ಕೆ ಹಿಂದಿರುಗಿದ ಕಿಂಗ್ ಅವರು ಅದೇ ಜುಲೈ 4ರಂದು, ಅಮೆರಿಕದ ಸ್ವಾತಂತ್ರ್ಯ ದಿನದಂದು, ತಮ್ಮ ತಂದೆಯ ಚರ್ಚಿನಲ್ಲಿ ಉಪದೇಶ ಮಾಡಿದರು. ಆ ಒಂದೇ ಉಪದೇಶದಲ್ಲಿ ಅವರು ಎರಡು ನೆನಪುಗಳನ್ನು ಜೊತೆಗಿರಿಸಿದರು. ಒಂದು, ತಿರುವನಂತಪುರದ ಶಾಲೆಯಲ್ಲಿ ತಮ್ಮನ್ನು ಅಸ್ಪೃಶ್ಯರೆಂದು ಕರೆದ ಸಂಗತಿ. ಇನ್ನೊಂದು, ಜಮೈಕಾದಲ್ಲಿ ಕಂಡ ಬಾಳು. ಆಫ್ರಿಕ, ಚೀನ, ಭಾರತ, ಯೂರೋಪುಗಳ ಮೂಲದವರು ಅಲ್ಲಿ ಕೂಡಿ ಬಾಳುವುದನ್ನೂ, ಹಲವು ಜನರು ಸೇರಿ ಒಂದೇ ಜನತೆಯಾಗಿದ್ದೇವೆಂಬ ಅರ್ಥದ ಅವರ ರಾಷ್ಟ್ರೀಯ ಧ್ಯೇಯವನ್ನೂ ವಿವರಿಸಿ, ಅಮೆರಿಕವೂ ಹಾಗಾಗಬೇಕೆಂದು ಹಾರೈಸಿದರು. ಅವರು ಅಲ್ಲಿ ಕಂಡ ಭಾರತೀಯರು 1845ರಿಂದ 1917ರವರೆಗೆ ಕರಾರಿನ ಕೂಲಿಗಳಾಗಿ ಹಡಗುಗಳಲ್ಲಿ ಹೋದ ಸುಮಾರು 36,000 ಜನರ ಸಂತತಿಯವರು. ಅಸ್ಪೃಶ್ಯತೆಯ ಕಹಿಯನ್ನು ಭಾರತದ ಶಾಲೆಯಲ್ಲಿ ಗುರುತಿಸಿದ ಕಣ್ಣುಗಳು, ಅದರಿಂದ ಬಿಡುಗಡೆಯ ಒಂದು ಹೊಳಹನ್ನು ಈ ದ್ವೀಪದಲ್ಲಿ ಕಂಡವು. ಮತದಾನದ ಹಕ್ಕಿನ ಕಾಯಿದೆಗೆ ಅಮೆರಿಕದ ಅಧ್ಯಕ್ಷರ ಸಹಿ ಬಿದ್ದದ್ದು ಮುಂದಿನ ತಿಂಗಳ 6ರಂದು. ಅದು ಜಮೈಕಾದ ಸ್ವಾತಂತ್ರ್ಯದ ವಾರ್ಷಿಕ ದಿನವೂ ಆಗಿದ್ದುದು ಸಂತೋಷದ ಯೋಗಾಯೋಗ.

ಹಾಗೆಂದು ಜಮೈಕಾವು ಭೂಸ್ವರ್ಗವಾಗಿರಲಿಲ್ಲ. ಅಲ್ಲಿಯೂ ಬಡತನ ಅಪಾರವಾಗಿತ್ತು. ಮೈಬಣ್ಣ ತಿಳಿಯಾದಷ್ಟೂ ಅಂತಸ್ತು ಏರುವ, ಕಪ್ಪಾದಷ್ಟೂ ಇಳಿಯುವ ಹಳೆಯ ರೂಢಿ ಗುಲಾಮಗಿರಿಯ ಕಾಲದಿಂದ ಉಳಿದುಬಂದಿತ್ತು. ರಾಷ್ಟ್ರದ ಧ್ಯೇಯವಾಕ್ಯಕ್ಕೂ ಕಿಂಗ್‌ಸ್ಟನ್ನಿನ ಗುಡಿಸಲುಗಳ ಬಾಳಿಗೂ ಅಂತರವಿತ್ತು. ಆದರೆ ಕಾನೂನೇ ಮನುಷ್ಯನನ್ನು ಬಣ್ಣದಿಂದ ವಿಂಗಡಿಸುವ ಊರಿಗೂ, ಕಾನೂನು ಸಮಾನತೆಯನ್ನು ಒಪ್ಪಿದ ಊರಿಗೂ ಇರುವ ವ್ಯತ್ಯಾಸವೇನೂ ಸಣ್ಣದಲ್ಲ. ಕಾನೂನಿನ ಸಮಾನತೆ ಬಂದ ಮೇಲೂ ಹೊಟ್ಟೆಯ ಪ್ರಶ್ನೆ ಉಳಿಯುತ್ತದೆಂಬುದೇ ಕಿಂಗ್ ಅವರನ್ನು ಕೊನೆಯ ವರ್ಷಗಳಲ್ಲಿ ಬಹುವಾಗಿ ಕಾಡಿದ ಚಿಂತೆ.

ಆ ಚಿಂತೆಯನ್ನು ಹೊತ್ತೇ ಅವರು 1967ರ ಜನವರಿಯಲ್ಲಿ ಮತ್ತೆ ಜಮೈಕಾಕ್ಕೆ ಬಂದರು. ಉತ್ತರ ಕರಾವಳಿಯ ಓಚೋ ರಿಯೋಸ್ ಬಳಿ, ಟೆಲಿಫೋನ್ ಇಲ್ಲದ ಒಂದು ಮನೆಯನ್ನು ಬಾಡಿಗೆಗೆ ಹಿಡಿದು, ಗ್ರಂಥರಚನೆಗೆ ಕುಳಿತರು. ಕಾಲವು ಅವರಿಗೆ ಅನುಕೂಲವಾಗಿರಲಿಲ್ಲ. ಹಿಂದಿನ ವರ್ಷ ಮಿಸಿಸಿಪಿಯ ಪಾದಯಾತ್ರೆಯಲ್ಲಿ ಸ್ಟೋಕ್ಲಿ ಕಾರ್ಮೈಕೇಲ್ ಎಂಬ ತರುಣ ಮುಂದಾಳು ಕಪ್ಪು ಶಕ್ತಿಯ ಘೋಷಣೆಯನ್ನು ಎತ್ತಿದ್ದನು. ಅವನು ಹುಟ್ಟಿದ್ದು ಕೆರಿಬಿಯನ್ನಿನ ಇನ್ನೊಂದು ದ್ವೀಪವಾದ ಟ್ರಿನಿಡಾಡಿನಲ್ಲಿ. ತಾಳ್ಮೆಗೆಟ್ಟ ಯುವಕರು ಅಹಿಂಸೆಯನ್ನು ಹಳೆಯ ಕಾಲದ ಮಾತೆಂದು ಬದಿಗೊತ್ತುತ್ತಿದ್ದರು. ಅವರನ್ನು ಬೈದು ದೂರಮಾಡುವುದು ಕಿಂಗ್ ಅವರಿಗೆ ಒಪ್ಪಿಗೆಯಾಗಲಿಲ್ಲ. ದ್ವೇಷಕ್ಕೆ ಮಣಿಯುವುದೂ ಸಾಧ್ಯವಿರಲಿಲ್ಲ. ಗಾರ್ವಿ ಹುಟ್ಟಿದ ನೆಲದಲ್ಲಿ ಕುಳಿತು ಅವರು ಆ ಘೋಷಣೆಯನ್ನು ಕುರಿತೇ ಒಂದು ಅಧ್ಯಾಯವನ್ನು ಬರೆದರು. ಅದರಲ್ಲಿರುವ ಸ್ವಾಭಿಮಾನವನ್ನು ಒಪ್ಪಿ, ಅದರಲ್ಲಿ ಅಡಗಿರುವ ನಿರಾಶೆಯನ್ನೂ ಪ್ರತ್ಯೇಕತೆಯನ್ನೂ ತಿರಸ್ಕರಿಸಿದರು. ಬಡತನವನ್ನು ನೀಗಲು ಪ್ರತಿ ಕುಟುಂಬಕ್ಕೂ ನಿಶ್ಚಿತವಾದ ಆದಾಯವಿರಬೇಕೆಂದು ವಾದಿಸಿದರು. ಕೊನೆಯ ಅಧ್ಯಾಯಕ್ಕೆ ವಿಶ್ವಗೃಹವೆಂಬ ಅರ್ಥದ ಹೆಸರನ್ನಿಟ್ಟು, ಜಗತ್ತಿನ ಜನರೆಲ್ಲ ಒಂದೇ ಮನೆಯ ಹಕ್ಕುದಾರರೆಂದೂ, ಕೂಡಿ ಬಾಳಲು ಕಲಿಯದೆ ಬೇರೆ ಗತಿಯಿಲ್ಲವೆಂದೂ ಪ್ರತಿಪಾದಿಸಿದರು. ಈ ಗ್ರಂಥವು ಅದೇ ವರ್ಷ ಪ್ರಕಟವಾಯಿತು.

ಆದರೆ ಆ ಏಕಾಂತದಲ್ಲಿ ತೀರ್ಮಾನವಾಗಬೇಕಾದ ಇನ್ನೂ ದೊಡ್ಡ ಪ್ರಶ್ನೆಯೊಂದಿತ್ತು. ಜಮೈಕಾಕ್ಕೆ ಹೊರಟಾಗ ವಿಮಾನ ನಿಲ್ದಾಣದಲ್ಲಿ ಅವರು ಒಂದು ಮಾಸಪತ್ರಿಕೆಯನ್ನು ತಿರುವಿದರು. ಅಮೆರಿಕದ ಬಾಂಬುಗಳಿಂದ ಸುಟ್ಟು ವಿರೂಪಗೊಂಡ ವಿಯೆಟ್ನಾಮಿನ ಮಕ್ಕಳ ಚಿತ್ರಗಳು ಅದರಲ್ಲಿದ್ದವು. ಅವನ್ನು ನೋಡಿದ ಕಿಂಗ್ ಅವರು ಮುಂದಿದ್ದ ಊಟದ ತಟ್ಟೆಯನ್ನು ದೂರ ಸರಿಸಿದರೆಂದು ಜೊತೆಯಲ್ಲಿದ್ದ ಬರ್ನಾರ್ಡ್ ಲೀ ಅವರು ನೆನಪಿಸಿಕೊಂಡಿದ್ದಾರೆ. 1965ರಲ್ಲಿ ಯುದ್ಧದ ವಿರುದ್ಧ ಒಂದೆರಡು ಮಾತನಾಡಿದ್ದಾಗಲೇ ಅವರು ಟೀಕೆಗೆ ಗುರಿಯಾಗಿದ್ದರು. ಪೌರಹಕ್ಕುಗಳ ಕಾಯಿದೆಗಳಿಗೆ ಸಹಿ ಹಾಕಿದ ಅಧ್ಯಕ್ಷ ಜಾನ್ಸನ್ನರೇ ಯುದ್ಧವನ್ನು ನಡೆಸುತ್ತಿದ್ದರು. ಅವರನ್ನು ಎದುರು ಹಾಕಿಕೊಂಡರೆ ಸರ್ಕಾರದ ಬೆಂಬಲ ಹೋಗುವುದು, ದಾನಿಗಳು ಕೈಬಿಡುವರು, ಸಹೋದ್ಯೋಗಿಗಳೇ ಮುನಿಯುವರು. ಮೌನವಾಗಿದ್ದರೆ ಎಲ್ಲವೂ ಕ್ಷೇಮ; ಆದರೆ ಸುಟ್ಟ ಮಕ್ಕಳ ಮುಖಗಳು? ಸ್ವಂತ ಜನರಿಗೆ ಅಹಿಂಸೆಯನ್ನು ಬೋಧಿಸುವವನು ಸ್ವಂತ ಸರ್ಕಾರದ ಹಿಂಸೆಗೆ ಕಣ್ಣು ಮುಚ್ಚಬಹುದೇ? ಸಮುದ್ರತೀರದ ಆ ಮನೆಯಿಂದ ಹಿಂದಿರುಗುವ ವೇಳೆಗೆ ಅವರ ಮನಸ್ಸು ಗಟ್ಟಿಯಾಗಿತ್ತು.

ಫೆಬ್ರವರಿ 25ರಂದು ಲಾಸ್ ಏಂಜಲೀಸ್ ನಗರದಲ್ಲಿಯೂ, ಏಪ್ರಿಲ್ 4ರಂದು ನ್ಯೂಯಾರ್ಕಿನ ರಿವರ್‌ಸೈಡ್ ಚರ್ಚಿನಲ್ಲಿಯೂ ಕಿಂಗ್ ಅವರು ಯುದ್ಧವನ್ನು ನಿರ್ಭಯವಾಗಿ ಖಂಡಿಸಿದರು. ಶಂಕಿಸಿದ್ದೆಲ್ಲವೂ ನಡೆದುಹೋಯಿತು. ದೊಡ್ಡ ಪತ್ರಿಕೆಗಳು ಅವರನ್ನು ಟೀಕಿಸಿದವು, ಅಧ್ಯಕ್ಷರು ದೂರವಾದರು, ಹಳೆಯ ಪೌರಹಕ್ಕು ಸಂಸ್ಥೆಗಳೂ ಅಸಮ್ಮತಿ ಸೂಚಿಸಿದವು. ಅವರು ಹಿಂಜರಿಯಲಿಲ್ಲ. 1968ರ ಆರಂಭದಲ್ಲಿ ಬಡವರ ಮಹಾಚಳವಳಿಯ ಸಿದ್ಧತೆಯ ನಡುವೆ ಮತ್ತೊಮ್ಮೆ ಬಿಮಿನಿ ದ್ವೀಪಕ್ಕೆ ಹೋಗಿಬಂದರು. ಮೆಂಫಿಸ್ ನಗರದಲ್ಲಿ ಇಬ್ಬರು ಪೌರಕಾರ್ಮಿಕರು ಕಸದ ಲಾರಿಯ ಯಂತ್ರಕ್ಕೆ ಸಿಕ್ಕಿ ಸತ್ತಿದ್ದರು. ಅಲ್ಲಿಯ ಸುಮಾರು 1,300 ಪೌರಕಾರ್ಮಿಕರು ಫೆಬ್ರವರಿಯಲ್ಲಿ ಮುಷ್ಕರ ಹೂಡಿದ್ದರು. ತಾವೂ ಮನುಷ್ಯರೇ ಎಂಬುದು ಅವರ ಕೂಗಾಗಿತ್ತು. ಜಮೈಕಾದಲ್ಲಿ ಯಾವ ಭಾವವು ತಮಗೆ ಸುಲಭವಾಗಿ ದೊರೆತಿತ್ತೋ ಅದನ್ನು ಈ ಕಡುಬಡವರಿಗೂ ದೊರಕಿಸಲು ಕಿಂಗ್ ಅವರು ಮೆಂಫಿಸ್ಸಿಗೆ ಹೋದರು. 1968ರ ಏಪ್ರಿಲ್ 4ರಂದು, ರಿವರ್‌ಸೈಡ್ ಭಾಷಣಕ್ಕೆ ಸರಿಯಾಗಿ ಒಂದು ವರ್ಷ ತುಂಬಿದ ಸಂಜೆ, ವಸತಿಗೃಹದ ಮೊಗಸಾಲೆಯಲ್ಲಿ ನಿಂತಿದ್ದ ಅವರಿಗೆ ಹಂತಕನ ಗುಂಡು ತಗುಲಿತು. ಆಗ ಅವರಿಗೆ 39 ವರ್ಷ. ಅವರ ಶವವನ್ನು ಹೇಸರಗತ್ತೆಗಳು ಎಳೆಯುವ ರೈತರ ಬಂಡಿಯಲ್ಲಿ ಸಾಗಿಸಲಾಯಿತು.

ಜಮೈಕಾ ಅವರನ್ನು ಮರೆಯಲಿಲ್ಲ. ಅದೇ ವರ್ಷದ ಡಿಸೆಂಬರ್ 10ರಂದು, ಮಾನವ ಹಕ್ಕುಗಳ ದಿನದಂದು, ಅಲ್ಲಿಯ ಸರ್ಕಾರವು ಮಾರ್ಕಸ್ ಗಾರ್ವಿಯ ಹೆಸರಿನ ಮಾನವ ಹಕ್ಕುಗಳ ಪಾರಿತೋಷಕವನ್ನು ಕಿಂಗ್ ಅವರಿಗೆ ಮರಣೋತ್ತರವಾಗಿ ಅರ್ಪಿಸಿತು. ಶ್ರೀಮತಿ ಕೊರೆಟಾ ಅವರು ಅದನ್ನು ಸ್ವೀಕರಿಸಿದರು. ಅಮೆರಿಕವು ಕಿಂಗ್ ಅವರ ಜನ್ಮದಿನದ ನೆನಪಿಗೆ ರಾಷ್ಟ್ರೀಯ ರಜೆಯನ್ನು ಶಾಸನದ ಮೂಲಕ 1983ರಲ್ಲಿ ನಿಶ್ಚಯಿಸಿ, 1986ರಿಂದ ಆಚರಿಸತೊಡಗಿತು. ಗಾರ್ವಿಯ ಮೇಲಿನ ಕಳಂಕವು ಮಾತ್ರ ಬಹುಕಾಲ ಉಳಿಯಿತು. 2025ರ ಜನವರಿ 19ರಂದು ಅಧ್ಯಕ್ಷ ಬೈಡನ್ ಅವರು ಅವನಿಗೆ ಮರಣೋತ್ತರ ಕ್ಷಮಾದಾನ ನೀಡಿದರು. ಅದರ ಮರುದಿನವೇ ಕಿಂಗ್ ದಿನಾಚರಣೆ. ಅಟ್ಲಾಂಟಾದಲ್ಲಿ ಸೆರೆಯಾಳಾಗಿದ್ದವನ ಹೆಸರೂ ಅಟ್ಲಾಂಟಾದಲ್ಲಿ ಹುಟ್ಟಿದವರ ಹೆಸರೂ ಹೀಗೆ ಮತ್ತೊಮ್ಮೆ ಒಂದಾಗಿ ಕೇಳಿಬಂದವು.

ಡಾ. ಕಿಂಗ್ ಅವರ ಬಾಳಿನಿಂದ ವಿದ್ಯಾರ್ಥಿಗಳು ಕಲಿಯಬೇಕಾದದ್ದು ಬಹಳವಿದೆ. ಅವರಿಗೆ ದ್ವೀಪವು ಲೋಕದಿಂದ ತಪ್ಪಿಸಿಕೊಳ್ಳುವ ತಾಣವಾಗಿರಲಿಲ್ಲ. ಲೋಕದ ಕಡೆಗೆ ಇನ್ನಷ್ಟು ದೃಢವಾದ ಮನಸ್ಸಿನಿಂದ ಹಿಂದಿರುಗಲು ನೆರವಾದ ತಾಣವಾಗಿತ್ತು. ಗೌರವ ದೊರೆತ ಊರಿನಲ್ಲಿಯೇ ಅವರು ನೆಲೆಸಬಹುದಾಗಿತ್ತು. ಹಾಗೆ ಮಾಡದೆ, ಆ ಗೌರವವು ಯಾರಿಗೆ ಇನ್ನೂ ದೊರೆತಿರಲಿಲ್ಲವೋ ಅವರ ಬಳಿಗೆ ಮರಳಿದರು. ತಾನು ಸವಿದ ಸ್ವಾತಂತ್ರ್ಯವು ತನ್ನವರೆಲ್ಲರಿಗೂ ಸಲ್ಲುವವರೆಗೆ ಅದು ಅಪೂರ್ಣವೆಂದು ಬಗೆಯುವ ಮನಸ್ಸೇ ನಿಜವಾದ ವಿದ್ಯೆಯ ಫಲ. ಅಂತಹ ಮನಸ್ಸು ನಮ್ಮ ಮಕ್ಕಳಲ್ಲಿಯೂ ಬೆಳೆಯಲಿ.